ಹೆಚ್ಚುವರಿ ಸಾವು: ಲಸಿಕೆಯೇ, ಸೋಂಕೇ? ಹಾಸನದ ಜಗಲಿಯಿಂದ ಒಂದು ಲೆಕ್ಕ

2025ರ ಜುಲೈ ಮಧ್ಯದಲ್ಲಿ ಅರಕಲಗೂಡು ತಾಲ್ಲೂಕಿನ ಒಂದು ಹಳ್ಳಿಗೆ ಹನ್ನೊಂದನೇ ದಿನದ ಕಾರ್ಯಕ್ಕೆಂದು ಹೋಗಿದ್ದೆ. ತೀರಿಕೊಂಡವನು ನಮ್ಮ ದೂರದ ಸಂಬಂಧಿ, ನಲವತ್ತರ ಆಸುಪಾಸಿನವನು, ಬಾಡಿಗೆ ಕಾರು ಓಡಿಸಿಕೊಂಡಿದ್ದವನು. ಜಡಿಮಳೆ ಹಿಡಿದಿತ್ತು. ಜಗಲಿಯಲ್ಲಿ ಕುಳಿತವರ ನಡುವೆ ಅವನ ಅಣ್ಣ ತಮ್ಮನ ಮೊಬೈಲ್ ತೆರೆದು, ಅದರಲ್ಲಿ ಉಳಿದಿದ್ದ ಕೋವಿಡ್ ಲಸಿಕೆಯ ಪ್ರಮಾಣಪತ್ರವನ್ನು ಒಬ್ಬೊಬ್ಬರಿಗೂ ತೋರಿಸುತ್ತಿದ್ದ. ‘ಎರಡೂ ಡೋಸ್ ಹಾಕಿಸ್ಕೊಂಡಿದ್ದ, ನೋಡಿ. ಅದಕ್ಕೆ ಮುಂಚೆ ಒಂದು ದಿನಾನೂ ಆಸ್ಪತ್ರೆ ಮೆಟ್ಟಿಲು ಹತ್ತಿದವನಲ್ಲ’ ಎಂದ. ಯಾರೂ ಎದುರಾಡಲಿಲ್ಲ, ನಾನೂ ಆಡಲಿಲ್ಲ. ಸಾವಿನ ಮನೆ ವಾದ ಮಾಡುವ ಜಾಗವಲ್ಲ. ಆದರೆ ಅವನ ಮಾತಿನೊಳಗಿದ್ದ, ತಮ್ಮನ ಹಠಾತ್ ಸಾವಿಗೆ ಲಸಿಕೆಯೇ ಕಾರಣವೇ ಎಂಬ ಪ್ರಶ್ನೆಗೆ ಉತ್ತರ ಕೊಡದೆ ಹೋದರೆ ಅದು ಅವನ ದುಃಖಕ್ಕೆ ಮಾಡುವ ಅವಮಾನ ಎಂದೇ ನಾನು ನಂಬುತ್ತೇನೆ. ಆದ್ದರಿಂದ ಆವತ್ತು ಹೇಳದೆ ಉಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಆ ದಿನಗಳಲ್ಲಿ ನಮ್ಮ ಜಿಲ್ಲೆಯ ಹೆಸರು ಎಲ್ಲ ವಾಹಿನಿಗಳಲ್ಲೂ ಇತ್ತು. ಸುಮಾರು 40 ದಿನಗಳ ಅವಧಿಯಲ್ಲಿ ಹಾಸನದಲ್ಲಿ 20ಕ್ಕೂ ಹೆಚ್ಚು ಮಂದಿ ಹೃದಯಾಘಾತದಿಂದ ಮೃತಪಟ್ಟರೆಂಬ ಸುದ್ದಿ ದಿನದಿನವೂ ಒಂದೊಂದು ಅಂಕಿ ಕೂಡಿಸಿಕೊಂಡು ಬರುತ್ತಿತ್ತು. ಜುಲೈ 1ರಂದು ಮುಖ್ಯಮಂತ್ರಿ ಸಿದ್ದರಾಮಯ್ಯನವರು ಲಸಿಕೆಗೆ ತರಾತುರಿಯಲ್ಲಿ ಅನುಮೋದನೆ ಕೊಟ್ಟು ಹಂಚಿದ್ದೂ ಇಂಥ ಸಾವುಗಳಿಗೆ ಕಾರಣವಾಗಿರಬಹುದೆಂಬುದನ್ನು ತಳ್ಳಿಹಾಕಲಾಗದು ಎಂದರು. ಮರುದಿನವೇ ಕೇಂದ್ರ ಆರೋಗ್ಯ ಸಚಿವಾಲಯ, ಲಸಿಕೆಗೂ ಹಠಾತ್ ಸಾವಿಗೂ ನೇರ ಸಂಬಂಧವಿಲ್ಲವೆಂದು ಅಧ್ಯಯನಗಳು ತೋರಿಸಿವೆ ಎಂದು ಹೇಳಿಕೆ ಹೊರಡಿಸಿತು. ಎರಡು ಸರ್ಕಾರಗಳ ಹೇಳಿಕೆಗಳ ನಡುವೆ ಸಿಕ್ಕ ಜನ ಮೈಸೂರು, ಬೆಂಗಳೂರಿನ ಜಯದೇವ ಹೃದ್ರೋಗ ಆಸ್ಪತ್ರೆಗಳ ಮುಂದೆ ಬೆಳಗಿನ ಜಾವದಿಂದಲೇ ಸಾಲುಗಟ್ಟಿ ನಿಂತರು.

ಇಲ್ಲಿ ಎರಡು ಪ್ರಶ್ನೆಗಳು ಒಂದಕ್ಕೊಂದು ಹೆಣೆದುಕೊಂಡಿವೆ. ಸಾವು ನಿಜಕ್ಕೂ ಹೆಚ್ಚಾಗಿದೆಯೇ ಎಂಬುದು ಮೊದಲನೆಯದು. ಹೆಚ್ಚಾಗಿದ್ದರೆ ಯಾವುದರಿಂದ ಎಂಬುದು ಎರಡನೆಯದು. ಮೊದಲನೆಯದನ್ನು ಕೇಳದೆಯೇ ಎರಡನೆಯದಕ್ಕೆ ಉತ್ತರ ಹುಡುಕಲು ಹೊರಟದ್ದರಿಂದ ಆ ತಿಂಗಳು ಇಷ್ಟೊಂದು ಗೊಂದಲವಾಯಿತು.

‘ಹೆಚ್ಚುವರಿ ಸಾವು’ ಎಂಬ ಮಾತಿಗೆ ನಿಖರವಾದ ಅರ್ಥವಿದೆ. ಒಂದು ಊರಿನಲ್ಲಿ, ಒಂದು ಅವಧಿಯಲ್ಲಿ, ಯಾವ ವಿಪತ್ತೂ ಇಲ್ಲದ ಹಿಂದಿನ ವರ್ಷಗಳ ರೂಢಿಯಂತೆ ಎಷ್ಟು ಮಂದಿ ಸಾಯಬಹುದಿತ್ತೆಂದು ಮೊದಲು ಅಂದಾಜು ಮಾಡುತ್ತಾರೆ. ನಿಜವಾಗಿ ಸತ್ತವರ ಸಂಖ್ಯೆಯಿಂದ ಆ ಅಂದಾಜನ್ನು ಕಳೆದಾಗ ಉಳಿಯುವುದೇ ಹೆಚ್ಚುವರಿ ಸಾವು. ಯಾರು ಯಾವ ಕಾಯಿಲೆಯಿಂದ ಸತ್ತರೆಂದು ವೈದ್ಯರು ಬರೆದಿದ್ದಾರೋ ಇಲ್ಲವೋ ಎಂಬುದು ಈ ಲೆಕ್ಕಕ್ಕೆ ಬೇಕಿಲ್ಲ. ಸತ್ತವರ ಎಣಿಕೆ ಸರಿಯಿದ್ದರೆ ಸಾಕು. ಭಾರತದಂಥ ದೇಶದಲ್ಲಿ ಇದು ದೊಡ್ಡ ಅನುಕೂಲ, ಏಕೆಂದರೆ ಇಲ್ಲಿ ನೋಂದಣಿಯಾಗುವ ಸಾವುಗಳಲ್ಲಿ ಕಾಲು ಭಾಗಕ್ಕೂ ಕಡಿಮೆ ಸಾವುಗಳಿಗೆ ಮಾತ್ರ ವೈದ್ಯರು ದೃಢೀಕರಿಸಿದ ಕಾರಣ ದಾಖಲಾಗುತ್ತದೆ.

ಈ ಅಳತೆಗೋಲನ್ನು ಹಾಸನಕ್ಕೇ ಹಿಡಿದು ನೋಡೋಣ. 2011ರ ಜನಗಣತಿಯಂತೆ ಜಿಲ್ಲೆಯ ಜನಸಂಖ್ಯೆ 17.76 ಲಕ್ಷ. ವರ್ಷಕ್ಕೆ ಸಾವಿರ ಜನರಲ್ಲಿ ಆರೇಳು ಮಂದಿ ಸಾಯುತ್ತಾರೆಂದು ಹಿಡಿದರೆ, ಯಾವ ಅವಘಡವೂ ಇಲ್ಲದ ಸಾಮಾನ್ಯ ವರ್ಷದಲ್ಲೇ ಜಿಲ್ಲೆಯಲ್ಲಿ 11ರಿಂದ 12 ಸಾವಿರ ಸಾವು ಸಂಭವಿಸುತ್ತದೆ. ಅಂದರೆ 40 ದಿನಗಳಿಗೆ 1,200ಕ್ಕೂ ಹೆಚ್ಚು. ದೇಶದಲ್ಲಿ ಸಾಯುವವರಲ್ಲಿ ಕಾಲು ಭಾಗಕ್ಕೂ ಮಿಕ್ಕಿ ಹೃದಯ ಮತ್ತು ರಕ್ತನಾಳದ ಕಾಯಿಲೆಗಳಿಗೆ ಬಲಿಯಾಗುವುದರಿಂದ, ಆ 40 ದಿನಗಳಲ್ಲಿ ಸುದ್ದಿಯೇ ಆಗದೆ ಸುಮಾರು 300 ಮಂದಿ ಅಂಥ ಕಾಯಿಲೆಗಳಿಂದ ತೀರಿಕೊಂಡಿರುತ್ತಾರೆ. ಈ ಲೆಕ್ಕ ಒರಟಾದದ್ದು, ನಿಜ. ಆದರೆ 20 ಅಥವಾ 24 ಎಂಬ ಅಂಕಿ ತಾನಾಗಿಯೇ ‘ಹೆಚ್ಚಳ’ವನ್ನು ತೋರಿಸುವುದಿಲ್ಲ ಎಂದು ತಿಳಿಯಲು ಇಷ್ಟು ಸಾಕು. ಅದು ಸುದ್ದಿಗೆ ಬಂದ ಸಾವುಗಳ ಎಣಿಕೆಯೇ ಹೊರತು ಜಿಲ್ಲೆಯಲ್ಲಿ ಸಂಭವಿಸಿದ ಸಾವುಗಳ ಎಣಿಕೆಯಲ್ಲ. ಸತ್ತವರಲ್ಲಿ ಎಳೆಯ ವಯಸ್ಸಿನವರಿದ್ದರಲ್ಲ ಎಂದು ಕೇಳಬಹುದು. ಕೇಳಲೇಬೇಕಾದ ಪ್ರಶ್ನೆ ಅದು. ಅದಕ್ಕೂ ಅದೇ ವಯಸ್ಸಿನವರ ಹಿಂದಿನ ವರ್ಷಗಳ ಸಾವಿನೊಂದಿಗೆ ಹೋಲಿಸದೆ ಉತ್ತರ ಸಿಗದು.

ರಾಜ್ಯ ಸರ್ಕಾರ ಜಯದೇವ ಸಂಸ್ಥೆಯ ಆಗಿನ ನಿರ್ದೇಶಕ ಡಾ. ಕೆ.ಎಸ್. ರವೀಂದ್ರನಾಥ್ ಅವರ ನೇತೃತ್ವದ ತಜ್ಞರಿಂದ ಮಾಡಿಸಿದ್ದು ಇಂಥ ಹೋಲಿಕೆಯನ್ನೇ. ಹಾಸನದಿಂದ ವರದಿಯಾದ 24 ಸಾವುಗಳನ್ನು ತಂಡ ಒಂದೊಂದಾಗಿ ಪರಿಶೀಲಿಸಿದಾಗ ನಾಲ್ಕು ಸಾವುಗಳು ಹೃದಯಕ್ಕೆ ಸಂಬಂಧಿಸಿದವೇ ಆಗಿರಲಿಲ್ಲ. ಉಳಿದ 20ರಲ್ಲಿ ಹೆಚ್ಚಿನವರಿಗೆ ಸಕ್ಕರೆ ಕಾಯಿಲೆ, ರಕ್ತದೊತ್ತಡ, ಬೊಜ್ಜು, ಸಿಗರೇಟು, ಮದ್ಯ, ಮನೆತನದಲ್ಲಿ ಬಂದ ಹೃದ್ರೋಗ ಇವುಗಳಲ್ಲಿ ಒಂದಲ್ಲ ಒಂದು ಇತ್ತು. ಆಟೊ, ಟ್ಯಾಕ್ಸಿ ಓಡಿಸುವವರೇ ಸುಮಾರು ಮೂರನೇ ಒಂದರಷ್ಟಿದ್ದರು ಎಂಬ ಅಂಶ ನನ್ನನ್ನು ಹಿಡಿದು ನಿಲ್ಲಿಸಿತು. ಜಗಲಿಯ ಮುಂದೆ ಮಳೆಯಲ್ಲಿ ನೆನೆಯುತ್ತಿದ್ದ ಬಿಳಿ ಕಾರು ಇನ್ನೂ ಕಣ್ಣ ಮುಂದಿದೆ. ಹಿಂದಿನ ಅವಧಿಗೆ ಹೋಲಿಸಿದಾಗ ಜಿಲ್ಲೆಯಲ್ಲಿ ಹೃದಯ ಸಂಬಂಧಿ ಸಾವು ಹೆಚ್ಚಿಲ್ಲವೆಂದು ತಂಡ ತೀರ್ಮಾನಿಸಿತು.

ಹಾಗಾದರೆ ಹೆಚ್ಚುವರಿ ಸಾವೆಂಬುದೇ ಸುಳ್ಳೇ? ಖಂಡಿತ ಅಲ್ಲ. ಅದು ಆಗಿದೆ, ಘೋರವಾಗಿ ಆಗಿದೆ. ಆದರೆ ಆದದ್ದು 2025ರಲ್ಲಲ್ಲ. ದೇಶದಲ್ಲಿ ನೋಂದಣಿಯಾದ ಸಾವುಗಳು 2019ರಲ್ಲಿ 76.4 ಲಕ್ಷ, 2020ರಲ್ಲಿ 81.2 ಲಕ್ಷ, 2021ರಲ್ಲಿ 1.02 ಕೋಟಿ. ಒಂದೇ ವರ್ಷದಲ್ಲಿ 21 ಲಕ್ಷದಷ್ಟು ಏರಿಕೆ. ಇದರಲ್ಲಿ ಒಂದು ಪಾಲು ನೋಂದಣಿ ವ್ಯವಸ್ಥೆ ಸುಧಾರಿಸಿದ್ದರಿಂದ ಬಂದಿರಬಹುದು, ಏಕೆಂದರೆ ಸಾಂಕ್ರಾಮಿಕವೇ ಇಲ್ಲದ 2018ರಿಂದ 2019ಕ್ಕೂ ಸಂಖ್ಯೆ 69.5 ಲಕ್ಷದಿಂದ 76.4 ಲಕ್ಷಕ್ಕೆ ಏರಿತ್ತು. ಆದರೆ ಆ ಏರಿಕೆಯ ಮೂರು ಪಟ್ಟನ್ನು ಬರಿಯ ಸುಧಾರಣೆಯೆಂದು ಹೇಳಲಾಗದು. ಅದೇ 2021ರಲ್ಲಿ ಸರ್ಕಾರ ಕೋವಿಡ್ ಸಾವೆಂದು ಒಪ್ಪಿದ್ದು ಸುಮಾರು 3.3 ಲಕ್ಷವನ್ನು ಮಾತ್ರ. 2020 ಮತ್ತು 2021ರಲ್ಲಿ ಜಗತ್ತಿನಲ್ಲಿ 1.49 ಕೋಟಿ, ಭಾರತದಲ್ಲಿ 47 ಲಕ್ಷ ಹೆಚ್ಚುವರಿ ಸಾವು ಸಂಭವಿಸಿದವೆಂದು ವಿಶ್ವ ಆರೋಗ್ಯ ಸಂಸ್ಥೆ 2022ರ ಮೇ ತಿಂಗಳಲ್ಲಿ ಅಂದಾಜಿಸಿದಾಗ ಕೇಂದ್ರ ಸರ್ಕಾರ ಅದರ ವಿಧಾನವನ್ನೇ ಆಕ್ಷೇಪಿಸಿತು. ಸಾವನ್ನು ಕಡಿಮೆ ತೋರಿಸಿದಾಗ ಆಗುವ ಹಾನಿ ಆ ವರ್ಷಕ್ಕೇ ಮುಗಿಯುವುದಿಲ್ಲ. ತನ್ನವರು ಯಾವುದರಿಂದ ಹೋದರೆಂದು ಸರ್ಕಾರ ಒಪ್ಪದ ಮನೆಯಲ್ಲಿ, ಮುಂದೆ ಅದೇ ಸರ್ಕಾರ ಲಸಿಕೆಯ ಬಗ್ಗೆ ನಿಜ ಹೇಳಿದರೂ ಯಾರೂ ನಂಬುವುದಿಲ್ಲ.

ಈಗ ಎರಡನೆಯ ಪ್ರಶ್ನೆ. 2021ರ ಆ ಏರಿಕೆ ಸೋಂಕಿನಿಂದ ಬಂದದ್ದೋ, ಅದೇ ವರ್ಷ ಆರಂಭವಾದ ಲಸಿಕೆಯಿಂದ ಬಂದದ್ದೋ? ವರ್ಷದ ಮೊತ್ತವನ್ನಷ್ಟೇ ನೋಡಿದರೆ ಎರಡೂ ಒಟ್ಟಿಗೆ ಬಂದಂತೆ ಕಾಣುತ್ತದೆ. ಲಸಿಕೆಯನ್ನು ದೂರುವವರು ಮುಂದಿಡುವ ರೇಖಾಚಿತ್ರಗಳು ಹೆಚ್ಚಾಗಿ ಇಂಥ ವರ್ಷವಾರು ಚಿತ್ರಗಳೇ. ಅದನ್ನೇ ತಿಂಗಳುಗಳಾಗಿ ಬಿಡಿಸಿದರೆ ಬೇರೆಯದೇ ಚಿತ್ರ ಕಾಣುತ್ತದೆ. ಲಸಿಕೆ ಶುರುವಾದದ್ದು 2021ರ ಜನವರಿ 16ರಂದು, ಆರೋಗ್ಯ ಕಾರ್ಯಕರ್ತರಿಗೆ. ಮಾರ್ಚ್ 1ರಿಂದ 60 ದಾಟಿದವರಿಗೆ, ಏಪ್ರಿಲ್ 1ರಿಂದ 45 ದಾಟಿದ ಎಲ್ಲರಿಗೆ, ಮೇ 1ರಿಂದ 18 ದಾಟಿದವರಿಗೆ. ಎರಡನೆಯ ಅಲೆ ಉಕ್ಕಿ ಹರಿದದ್ದು ಏಪ್ರಿಲ್ ಮತ್ತು ಮೇ ತಿಂಗಳಲ್ಲಿ. ಏಪ್ರಿಲ್ ಕೊನೆಯ ಹೊತ್ತಿಗೆ ದೇಶದಲ್ಲಿ ಹಾಕಲಾಗಿದ್ದು ಸುಮಾರು 15 ಕೋಟಿ ಡೋಸ್ ಮಾತ್ರ. ಎರಡೂ ಡೋಸ್ ಪಡೆದವರು ಮೂರು ಕೋಟಿಯನ್ನೂ ಮುಟ್ಟಿರಲಿಲ್ಲ. ಆ ಮೇ ತಿಂಗಳನ್ನು ನಾವು ಮರೆತಿದ್ದೇವೆಯೇ? ಆಮ್ಲಜನಕದ ಸಿಲಿಂಡರಿಗಾಗಿ ಜನ ಹಾಸನದಿಂದ ಮೈಸೂರಿನವರೆಗೆ ಫೋನ್ ಮೇಲೆ ಫೋನ್ ಮಾಡುತ್ತಿದ್ದರು. ಆ ದಿನಗಳಲ್ಲಿ ಪ್ರಾಣಬಿಟ್ಟ ಮೂವತ್ತು, ನಲವತ್ತರ ವಯಸ್ಸಿನವರಲ್ಲಿ ಬಹುಪಾಲು ಜನರಿಗೆ ಲಸಿಕೆಯ ಸರದಿ ಆಗಷ್ಟೇ ಬಂದಿತ್ತು ಅಥವಾ ಬಂದೇ ಇರಲಿಲ್ಲ.

ಅದರ ನಂತರದ ತಿಂಗಳುಗಳಲ್ಲಿ ಆದದ್ದು ಇದಕ್ಕೆ ತಿರುಗುಮುರುಗು. ಲಸಿಕೆ ಭರದಿಂದ ಸಾಗಿದ್ದು ಆಗಸ್ಟ್, ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ. ಸೆಪ್ಟೆಂಬರ್ 17ರ ಒಂದೇ ದಿನ ಎರಡೂವರೆ ಕೋಟಿ ಡೋಸ್ ಹಾಕಿದರು. ಅಕ್ಟೋಬರ್ 21ಕ್ಕೆ ಒಟ್ಟು ಸಂಖ್ಯೆ 100 ಕೋಟಿ ಮುಟ್ಟಿತು. ಸಾವಿಗೆ ಲಸಿಕೆಯೇ ಕಾರಣವಾಗಿದ್ದರೆ ಸ್ಮಶಾನಗಳಲ್ಲಿ ಸಾಲು ಕಾಣಬೇಕಾಗಿದ್ದು ಆ ದಸರೆ, ದೀಪಾವಳಿಯ ತಿಂಗಳುಗಳಲ್ಲಿ. ಆಗ ಅಂಥ ಸಾಲು ಇರಲಿಲ್ಲ. ಡೋಸುಗಳ ರೇಖೆ ಏರುತ್ತಿದ್ದಾಗ ಸಾವಿನ ರೇಖೆ ಇಳಿದಿತ್ತು.

ಒಂದು ದೇಶದ ಕ್ಯಾಲೆಂಡರ್ ಸಾಲದೆನ್ನುವವರಿಗೆ ನ್ಯೂಜಿಲೆಂಡಿನ ಉದಾಹರಣೆ ಇದೆ. ಈ ವಾದದಲ್ಲಿ ಅದಕ್ಕಿಂತ ಸ್ಪಷ್ಟವಾದ ಪುರಾವೆಯನ್ನು ನಾನು ಕಂಡಿಲ್ಲ. ಅಲ್ಲಿ ಘಟನೆಗಳ ಕ್ರಮವೇ ಅದಲುಬದಲು. ಗಡಿ ಮುಚ್ಚಿ ಸೋಂಕನ್ನು ಹೊರಗಿಟ್ಟ ಆ ದೇಶ, 2021ರಲ್ಲಿ ಲಸಿಕೆ ಹಾಕಿಸಿ, ವರ್ಷದ ಕೊನೆಗೆ 12 ದಾಟಿದವರಲ್ಲಿ ಶೇ 90ರಷ್ಟು ಮಂದಿಗೆ ಎರಡೂ ಡೋಸ್ ಮುಗಿಸಿತ್ತು. ಲಸಿಕೆ ಇತ್ತು, ವೈರಸ್ ಬಹುತೇಕ ಇರಲಿಲ್ಲ; ಗಮನಾರ್ಹ ಹೆಚ್ಚುವರಿ ಸಾವೂ ಇರಲಿಲ್ಲ. 2022ರ ಫೆಬ್ರುವರಿ, ಮಾರ್ಚ್‌ನಲ್ಲಿ ಓಮಿಕ್ರಾನ್ ಒಳಹೊಕ್ಕು ಹರಡಿದ ಮೇಲೆಯೇ ಸಾವಿನ ಸಂಖ್ಯೆ ರೂಢಿಗಿಂತ ಮೇಲೇರಿತು. ಇದಕ್ಕೆ ವಿರುದ್ಧ ತುದಿಯಲ್ಲಿ ಇಟಲಿಯ ಬೆರ್ಗಾಮೊ ಮತ್ತು ನ್ಯೂಯಾರ್ಕ್ ನಿಲ್ಲುತ್ತವೆ. ಲಸಿಕೆ ಎಂಬುದೇ ಹುಟ್ಟಿರದ 2020ರ ಮಾರ್ಚ್, ಏಪ್ರಿಲ್‌ನಲ್ಲಿ ಅಲ್ಲಿ ಶವಗಳಿಗೆ ಜಾಗ ಸಾಲದಾಗಿತ್ತು. ಅದೇ ಓಮಿಕ್ರಾನ್ 2022ರ ಆರಂಭದಲ್ಲಿ ಹಾಂಗ್‌ಕಾಂಗಿಗೆ ಬಂದಾಗ, 80 ದಾಟಿದವರಲ್ಲಿ ಬಹಳಷ್ಟು ಮಂದಿ ಲಸಿಕೆ ಪಡೆಯದೇ ಇದ್ದುದರಿಂದ, ಕೆಲವು ವಾರ ಜಗತ್ತಿನಲ್ಲೇ ಅತಿ ಹೆಚ್ಚಿನ ಸಾವಿನ ಪ್ರಮಾಣ ಆ ಪುಟ್ಟ ನಗರದ್ದಾಯಿತು.

ಹೀಗಿದ್ದರೂ ಜಗಲಿಯ ಮೇಲಿನ ಪ್ರಮಾಣಪತ್ರ ಮನಸ್ಸನ್ನು ಕಾಡುತ್ತದೆ. ‘ಸತ್ತವರೆಲ್ಲ ಲಸಿಕೆ ಹಾಕಿಸಿಕೊಂಡವರೇ’ ಎಂಬ ಮಾತಿಗೆ ಅಷ್ಟು ಬಲವಿದೆ. ಇದನ್ನು ಬಿಡಿಸಲು ಜಯದೇವ ಸಂಸ್ಥೆಯದೇ ಅಂಕಿ ನೋಡಬಹುದು. 2025ರ ಏಪ್ರಿಲ್, ಮೇ ತಿಂಗಳಲ್ಲಿ ಹೃದಯದ ತೊಂದರೆಯಿಂದ ಅಲ್ಲಿಗೆ ಬಂದ 45ರೊಳಗಿನ 251 ರೋಗಿಗಳನ್ನು ಅಧ್ಯಯನಕ್ಕೆ ಒಳಪಡಿಸಿದಾಗ 249 ಮಂದಿ ಕನಿಷ್ಠ ಒಂದು ಡೋಸ್ ಲಸಿಕೆ ಪಡೆದಿದ್ದರು. ಮೊದಲ ನೋಟಕ್ಕೆ ಎದೆ ಝಲ್ಲೆನ್ನುತ್ತದೆ. ಆದರೆ ಆಸ್ಪತ್ರೆಯ ಹೊರಗೆ, ಹಾಸನದ ಬಿ.ಎಂ. ರಸ್ತೆಯಲ್ಲಿ ಆರೋಗ್ಯವಾಗಿ ಓಡಾಡುತ್ತಿರುವ 251 ವಯಸ್ಕರನ್ನು ನಿಲ್ಲಿಸಿ ಕೇಳಿದರೂ ಹೆಚ್ಚುಕಡಿಮೆ ಅಷ್ಟೇ ಮಂದಿ ಲಸಿಕೆ ಪಡೆದವರಿರುತ್ತಾರೆ. ಹಾಸನದಲ್ಲಿ ಹೃದಯಾಘಾತವಾದವರೆಲ್ಲ ರಾಗಿಮುದ್ದೆ ಉಂಡವರೇ ಆಗಿರುತ್ತಾರೆ. ಹಾಗೆಂದು ಮುದ್ದೆಯನ್ನು ಯಾರೂ ದೂರುವುದಿಲ್ಲ, ಏಕೆಂದರೆ ಹೃದಯಾಘಾತವಾಗದವರೂ ಅದನ್ನೇ ಉಂಡಿರುತ್ತಾರೆಂದು ನಮಗೆ ಗೊತ್ತು. ಒಂದು ವಸ್ತು ಅಪಾಯಕಾರಿಯೇ ಎಂದು ತಿಳಿಯಬೇಕಾದರೆ ಸತ್ತವರನ್ನು ಮಾತ್ರ ನೋಡಿದರೆ ಆಗುವುದಿಲ್ಲ, ಬದುಕಿರುವವರನ್ನೂ ಪಕ್ಕದಲ್ಲಿಟ್ಟು ನೋಡಬೇಕು.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಹಾಗೆಯೇ ನೋಡಿದೆ. 2021ರ ಅಕ್ಟೋಬರ್‌ನಿಂದ 2023ರ ಮಾರ್ಚ್‌ವರೆಗೆ, 18ರಿಂದ 45 ವಯಸ್ಸಿನೊಳಗೆ, ಕಾರಣ ತಿಳಿಯದೆ ಹಠಾತ್ತಾಗಿ ಸತ್ತ 729 ಮಂದಿಯ ವಿವರವನ್ನು 47 ಆಸ್ಪತ್ರೆಗಳಿಂದ ಕಲೆಹಾಕಿ, ಅವರದೇ ವಯಸ್ಸಿನ, ಅವರದೇ ನೆರೆಹೊರೆಯ 2,916 ಮಂದಿಯೊಂದಿಗೆ ಹೋಲಿಸಿದರು. ಸತ್ತವರಲ್ಲಿ ಹೆಚ್ಚಾಗಿ ಕಂಡದ್ದು ಹಿಂದೆ ಕೋವಿಡ್‌ಗೆ ಆಸ್ಪತ್ರೆ ಸೇರಿದ್ದು, ಕುಟುಂಬದಲ್ಲಿ ಹಠಾತ್ ಸಾವಿನ ಇತಿಹಾಸ, ಸಾವಿಗೆ ಮುಂಚಿನ 48 ಗಂಟೆಗಳಲ್ಲಿ ಮಿತಿಮೀರಿ ಕುಡಿದದ್ದು, ವಿಪರೀತ ದೈಹಿಕ ಶ್ರಮ ಪಟ್ಟದ್ದು. ಎರಡು ಡೋಸ್ ಪಡೆದವರಲ್ಲಿ ಹಠಾತ್ ಸಾವಿನ ಸಂಭವ ಕಡಿಮೆಯಿತ್ತು. ಈ ಕೊನೆಯ ಅಂಶವನ್ನು ಸ್ವಲ್ಪ ಎಚ್ಚರದಿಂದ ಓದಬೇಕು: ತಪ್ಪದೆ ಲಸಿಕೆ ಹಾಕಿಸಿಕೊಳ್ಳುವವರು ಉಳಿದ ವಿಷಯಗಳಲ್ಲೂ ಆರೋಗ್ಯದ ಕಡೆ ಗಮನ ಕೊಡುವವರಾಗಿರುತ್ತಾರೆ, ಆದ್ದರಿಂದ ಲಸಿಕೆ ಹೃದಯವನ್ನೇ ಕಾಪಾಡುತ್ತದೆಂದು ಇಷ್ಟರಿಂದ ಹೇಳಲಾಗದು. ಆದರೆ ಹಠಾತ್ ಸಾವಿಗೆ ಲಸಿಕೆ ದೊಡ್ಡ ಕಾರಣವಾಗಿದ್ದರೆ ಈ ಹೋಲಿಕೆಯಲ್ಲಿ ಅದು ಅಡಗಿ ಕೂರಲು ಸಾಧ್ಯವಿರಲಿಲ್ಲ.

ಲಸಿಕೆಯಿಂದ ಯಾರೂ ಸತ್ತೇ ಇಲ್ಲವೆಂದು ಇದರರ್ಥವಲ್ಲ. ಸತ್ತಿದ್ದಾರೆ. ಅದನ್ನು ಮುಚ್ಚಿಟ್ಟು ಮಾತನಾಡುವುದು ತಪ್ಪು. ನಮ್ಮಲ್ಲಿ ಹೆಚ್ಚಿನವರು ಪಡೆದ ಕೋವಿಶೀಲ್ಡ್, ಅಂದರೆ ಆಸ್ಟ್ರಾಜೆನೆಕಾ ಲಸಿಕೆ, ತೀರಾ ಅಪರೂಪಕ್ಕೆ ಒಂದು ವಿಚಿತ್ರ ಪ್ರತಿಕ್ರಿಯೆಯನ್ನು ಹುಟ್ಟಿಸುತ್ತದೆ. ದೇಹವು ರಕ್ತದ ಕಿರುಬಿಲ್ಲೆಗಳಿಗೆ (ಪ್ಲೇಟ್‌ಲೆಟ್) ಸಂಬಂಧಿಸಿದ ಒಂದು ಪ್ರೋಟೀನಿನ ಮೇಲೆಯೇ ಪ್ರತಿಕಾಯಗಳನ್ನು (ಆಂಟಿಬಾಡಿ) ಹರಿಯಬಿಟ್ಟು, ಒಂದು ಕಡೆ ಮೆದುಳಿನ ಅಥವಾ ಹೊಟ್ಟೆಯ ಅಭಿಧಮನಿಗಳಲ್ಲಿ ರಕ್ತ ಹೆಪ್ಪುಗಟ್ಟುತ್ತದೆ, ಇನ್ನೊಂದು ಕಡೆ ಕಿರುಬಿಲ್ಲೆಗಳ ಸಂಖ್ಯೆ ಕುಸಿಯುತ್ತದೆ. ಬ್ರಿಟನ್ನಿನ ಅನುಭವದಂತೆ 50ರೊಳಗಿನವರಲ್ಲಿ ಮೊದಲ ಡೋಸಿನ ನಂತರ ಇದು ಸುಮಾರು 50 ಸಾವಿರದಲ್ಲಿ ಒಬ್ಬರಿಗೆ ಕಾಣಿಸಿಕೊಂಡಿತು. ಹಾಗಾದವರಲ್ಲಿ ಕೆಲವರು ಉಳಿಯಲಿಲ್ಲ. ಲಸಿಕೆಯಿಂದ ತೀರಾ ಅಪರೂಪಕ್ಕೆ ಈ ತೊಂದರೆ ಬರಬಹುದೆಂದು 2024ರಲ್ಲಿ ಕಂಪನಿಯೇ ಬ್ರಿಟನ್ನಿನ ನ್ಯಾಯಾಲಯದ ದಾಖಲೆಯಲ್ಲಿ ಒಪ್ಪಿಕೊಂಡಿದೆ. ಹಾಗೆ ಮಕ್ಕಳನ್ನು ಕಳೆದುಕೊಂಡವರಿಗೆ ನಮ್ಮ ದೇಶ ತೋರಿದ ಕಾಳಜಿ ಸಾಲದೆಂಬುದು ನನ್ನ ದೃಢವಾದ ಅಭಿಪ್ರಾಯ. ಆದರೆ ಗಮನಿಸಬೇಕಾದ ಸಂಗತಿಯೆಂದರೆ ಈ ತೊಂದರೆಗೆ ಅದರದೇ ಗುರುತು ಮತ್ತು ಅದರದೇ ಕಾಲವಿದೆ. ಅದು ಡೋಸ್ ಪಡೆದ ನಾಲ್ಕೈದು ದಿನಗಳಿಂದ ಒಂದು ತಿಂಗಳು, ಹೆಚ್ಚೆಂದರೆ ಆರು ವಾರಗಳ ಒಳಗೆ ಬರುತ್ತದೆ. ಹೃದಯಾಘಾತವಾಗುವುದು ಬೇರೆ ರೀತಿಯಲ್ಲಿ: ಹತ್ತಾರು ವರ್ಷಗಳಿಂದ ಹೃದಯದ ಅಪಧಮನಿಯ ಗೋಡೆಯಲ್ಲಿ ಕೂಡುತ್ತ ಬಂದ ಕೊಬ್ಬಿನ ಗಂಟು ಒಂದು ದಿನ ಒಡೆದು, ಆ ಬಿರುಕಿನ ಮೇಲೆ ರಕ್ತ ಹೆಪ್ಪುಗಟ್ಟಿ ದಾರಿ ಮುಚ್ಚಿಕೊಳ್ಳುತ್ತದೆ. 2021ರಲ್ಲಿ ಪಡೆದ ಡೋಸನ್ನು 2025ರ ಈ ಘಟನೆಗೆ ಗಂಟುಹಾಕಲು ಬೇಕಾದ ಎಳೆ ಯಾವ ಅಧ್ಯಯನದಲ್ಲೂ ಸಿಕ್ಕಿಲ್ಲ. ಫೈಜರ್, ಮಾಡರ್ನಾ ಲಸಿಕೆಗಳ ನಂತರ ಎಳೆಯ ಗಂಡುಮಕ್ಕಳಲ್ಲಿ ಅಪರೂಪಕ್ಕೆ ಕಾಣಿಸಿದ ಹೃದಯಸ್ನಾಯುವಿನ ಉರಿಯೂತವನ್ನೂ ನಮ್ಮಲ್ಲಿ ಉದಾಹರಿಸುತ್ತಾರೆ. ಭಾರತದ ಲಸಿಕೆ ಅಭಿಯಾನದಲ್ಲಿ ಆ ಎರಡು ಲಸಿಕೆಗಳು ಬಳಕೆಯಾಗಲೇ ಇಲ್ಲ.

ಇನ್ನು ಸೋಂಕಿನ ಕಡೆ. ವೈರಸ್ ಶ್ವಾಸಕೋಶಕ್ಕಷ್ಟೇ ತಟ್ಟುವುದಿಲ್ಲ, ರಕ್ತನಾಳದ ಒಳಪದರವನ್ನೂ ಕೆರಳಿಸುತ್ತದೆ. ಸ್ವೀಡನ್ನಿನಲ್ಲಿ ಸುಮಾರು 87 ಸಾವಿರ ಸೋಂಕಿತರನ್ನು ಗಮನಿಸಿದಾಗ, ಸೋಂಕು ತಗುಲಿದ ಮೊದಲ ಒಂದೆರಡು ವಾರಗಳಲ್ಲಿ ಹೃದಯಾಘಾತದ ಸಂಭವ ಹಲವು ಪಟ್ಟು ಹೆಚ್ಚಿತ್ತು. ಅಮೆರಿಕದ ಮಾಜಿ ಸೈನಿಕರ ಆರೋಗ್ಯ ದಾಖಲೆಗಳನ್ನು ಆಧರಿಸಿ 2022ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಸೋಂಕಿನ ನಂತರದ ಒಂದು ವರ್ಷದಲ್ಲಿ ಹೃದಯಾಘಾತದ ಅಪಾಯ ಶೇ 63ರಷ್ಟು ಹೆಚ್ಚಿದ್ದುದು ಕಂಡಿತು. ಹಾಗೆಂದು ಲಸಿಕೆಯನ್ನು ಬಿಟ್ಟು ವೈರಸ್ಸನ್ನು ಹಿಡಿದುಕೊಂಡು, ಹಾಸನದ ಸಾವುಗಳೆಲ್ಲ ಹಳೆಯ ಸೋಂಕಿನ ಫಲ ಎನ್ನುವುದೂ ಅವಸರದ ಮಾತೇ. ಜಯದೇವದ 251 ರೋಗಿಗಳಲ್ಲಿ ತಮಗೆ ಕೋವಿಡ್ ಬಂದಿತ್ತೆಂದವರು 19 ಮಂದಿ ಮಾತ್ರ. ಆದರೆ 2021ರ ಜೂನ್, ಜುಲೈ ಹೊತ್ತಿಗೇ ದೇಶದ ಶೇ 67.6 ಮಂದಿಯ ರಕ್ತದಲ್ಲಿ ಪ್ರತಿಕಾಯಗಳಿದ್ದವು. ಆ ಹೊತ್ತಿಗೆ ಲಸಿಕೆ ಪಡೆದವರು ಇನ್ನೂ ಕಡಿಮೆಯಿದ್ದುದರಿಂದ, ಅವುಗಳಲ್ಲಿ ಬಹುಪಾಲು ಸೋಂಕಿನಿಂದಲೇ ಬಂದದ್ದಿರಬೇಕು. ಅಂದರೆ ಹೆಚ್ಚಿನವರಿಗೆ ತಿಳಿಯದೆಯೇ ಸೋಂಕು ಬಂದು ಹೋಗಿದೆ, ಮತ್ತು ಎಲ್ಲರಲ್ಲೂ ಇರುವ ಸಂಗತಿಯಿಂದ ಕೆಲವರ ಸಾವನ್ನು ವಿವರಿಸಲಾಗದು ಎಂಬ ಮುದ್ದೆಯ ತರ್ಕ ವೈರಸ್ಸಿಗೂ ಅಷ್ಟೇ ಸಲ್ಲುತ್ತದೆ. 2021ರ ಏರಿಕೆಗೆ ಸೋಂಕು ಕಾರಣವೆಂದು ನಾನು ಧೈರ್ಯವಾಗಿ ಹೇಳುತ್ತೇನೆ. 2025ರ ಒಬ್ಬೊಬ್ಬರ ಸಾವಿಗೆ ಅದೇ ಧೈರ್ಯದಿಂದ ಅದನ್ನೇ ಹೇಳಲಾರೆ.

ಹಳ್ಳಿಯ ಆ ಮನೆಗೆ ಮರಳುತ್ತೇನೆ. ಊಟವಾದ ಮೇಲೆ ಅವನ ಹೆಂಡತಿ ಆ ರಾತ್ರಿಯ ಕಥೆ ಹೇಳಿದಳು. ಹತ್ತು ಗಂಟೆಗೆ ಎದೆ ಉರಿ ಎಂದನಂತೆ. ಗ್ಯಾಸ್ಟ್ರಿಕ್ ಇರಬೇಕೆಂದು ಮಾತ್ರೆ ನುಂಗಿ, ಸೋಡ ಕುಡಿದು ಮಲಗಿದ. ಎಡಭುಜ ಸೆಳೆಯುತ್ತದೆ ಎಂದಾಗ, ಸ್ಟೇರಿಂಗ್ ಹಿಡಿದು ಹಿಡಿದು ಹಾಗಾಗಿದೆ ಎಂದು ಎಣ್ಣೆ ತಿಕ್ಕಿದಳು. ಬೆಳಗಿನ ನಾಲ್ಕಕ್ಕೆ ಮೈಯೆಲ್ಲ ಬೆವರಿ ಕುಸಿದ. ಹತ್ತರಿಂದ ನಾಲ್ಕು, ಆರು ಗಂಟೆ. ಇಂಥ ಹೊತ್ತಿಗೆಂದೇ ಪುನೀತ್ ರಾಜ್‌ಕುಮಾರ್ ಅವರ ಹೆಸರಿನ ಹೃದಯಜ್ಯೋತಿ ಯೋಜನೆಯಡಿ ತಾಲ್ಲೂಕು ಆಸ್ಪತ್ರೆಯಲ್ಲೇ ಇಸಿಜಿ ತೆಗೆದು, ಜಯದೇವದ ತಜ್ಞರಿಗೆ ಕಳುಹಿಸಿ, ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಚುಚ್ಚುಮದ್ದನ್ನು ಉಚಿತವಾಗಿ ಕೊಡುವ ಏರ್ಪಾಡಿದೆ. ನೋವು ಶುರುವಾದ ಮೊದಲ ಗಂಟೆಗಳಲ್ಲಿ ಅದು ಹೆಚ್ಚು ಕೆಲಸ ಮಾಡುತ್ತದೆ. ಇವನಿಗೆ ಬೀಡಿಯ ಚಟ ಹದಿನೆಂಟನೆಯ ವಯಸ್ಸಿನಿಂದ ಇತ್ತು. ಅಪ್ಪನೂ ಐವತ್ತು ತುಂಬುವ ಮೊದಲೇ ಹೀಗೆಯೇ ಹೋಗಿದ್ದರು. ರಕ್ತದೊತ್ತಡ ಎಷ್ಟಿತ್ತೆಂದು ಯಾರಿಗೂ ಗೊತ್ತಿರಲಿಲ್ಲ, ಅಳೆಸಿದವರೇ ಇಲ್ಲ. ಆಸ್ಪತ್ರೆಯ ಮೆಟ್ಟಿಲು ಹತ್ತಿದವನಲ್ಲ ಎಂದು ಅಣ್ಣ ಹೇಳಿದ್ದರ ಅರ್ಥ ನನಗಾಗ ಹೊಳೆಯಿತು.

ಮರಣೋತ್ತರ ಪರೀಕ್ಷೆ ಆಗಿರಲಿಲ್ಲ. ಆಸ್ಪತ್ರೆಯ ಹೊರಗೆ ಹಠಾತ್ತಾಗಿ ಸಂಭವಿಸುವ ಸಾವುಗಳಿಗೆ ಅದನ್ನು ಕಡ್ಡಾಯ ಮಾಡಬೇಕೆಂಬ ಸಲಹೆ ತಜ್ಞರಿಂದ ಬಂದದ್ದು, ಸರ್ಕಾರ ಅದನ್ನು ಒಪ್ಪಿದ್ದು ಆ ಜುಲೈಯಲ್ಲೇ. ಅಷ್ಟರಲ್ಲಿ ಇವನ ಚಿತೆ ಆರಿತ್ತು. ಹೊರಡುವಾಗ ಅಣ್ಣ ಕಾಗದಗಳ ಚೀಲವನ್ನು ನನ್ನ ಕೈಗಿಟ್ಟ. ಅದರಲ್ಲಿ ಆಸ್ಪತ್ರೆಯ ಒಂದು ಚೀಟಿ ಇತ್ತು, ಕರೆತರುವ ಮೊದಲೇ ಮೃತ ಎಂದು ಬರೆದದ್ದು. ಮರಣ ಪ್ರಮಾಣಪತ್ರ ಇತ್ತು; ನಮ್ಮ ಕಾನೂನಿನಂತೆ ಅದರಲ್ಲಿ ಸಾವಿನ ಕಾರಣವನ್ನು ನಮೂದಿಸುವುದಿಲ್ಲ. ಲಸಿಕೆಯ ಪ್ರಮಾಣಪತ್ರದಲ್ಲಿ ಮಾತ್ರ ಲಸಿಕೆಯ ಹೆಸರು, ಹಾಕಿದ ದಿನಾಂಕ, ಹಾಕಿದ ಊರು ಎಲ್ಲವೂ ಅಚ್ಚುಕಟ್ಟಾಗಿ ಅಚ್ಚಾಗಿದ್ದವು. ಆ ಮನುಷ್ಯನ ದೇಹದ ಬಗ್ಗೆ ಆ ಮನೆಯಲ್ಲಿ ಉಳಿದಿದ್ದ ದಾಖಲೆ ಅದೊಂದೇ.